ದುಡ್ಡಿನಲ್ಲಿ ಬೇಡ, ಯೂನಿಟ್ಟಿನಲ್ಲಿ ಎಣಿಸೋಣ

(ಮನೆಯ ಚಾವಣಿ ಸೋಲಾರ್ ಕುರಿತ ಉಪನ್ಯಾಸದ ಬರಹ ರೂಪ. ಬೋರ್ಡಿನ ಮೇಲೆ ಮಾಡಿ ತೋರಿಸಿದ ಲೆಕ್ಕಗಳನ್ನು ಇಲ್ಲಿ ಮಾತಿನಲ್ಲೇ ಬಿಡಿಸಿದ್ದೇನೆ. ನಡುವೆ ಬಂದ ಪ್ರಶ್ನೆಗಳು ಬಂದ ಜಾಗದಲ್ಲೇ ಇವೆ.)

ಎಲ್ಲರಿಗೂ ನಮಸ್ಕಾರ.

"ಸೋಲಾರ್ ಹಾಕಿಸಿದ ದುಡ್ಡು ಎಷ್ಟು ವರ್ಷಕ್ಕೆ ವಾಪಸ್ ಬರುತ್ತೆ?" ಈ ಪ್ರಶ್ನೆ ಕೇಳದ ನೆಂಟರು ನನಗಿಲ್ಲ. ನಾನು ಉತ್ತರ ಹೇಳುವ ಮೊದಲು ತಿರುಗಿ ಒಂದು ಮಾತು ಕೇಳುತ್ತೇನೆ. "ಮಧ್ಯಾಹ್ನ ಹನ್ನೆರಡು ಗಂಟೆಗೆ ನಿಮ್ಮ ಮನೆಯಲ್ಲಿ ಏನೇನು ಓಡುತ್ತಿರುತ್ತದೆ?" ಹೆಚ್ಚಿನವರು ಸ್ವಲ್ಪ ಯೋಚಿಸಿ, "ಏನೂ ಇಲ್ಲ, ಫ್ರಿಜ್ ಒಂದೇ" ಅನ್ನುತ್ತಾರೆ. ನಾನು ಅದನ್ನು ಯಾಕೆ ಕೇಳಿದೆ ಎಂದು ವಿವರಿಸುವುದರಲ್ಲೇ ಇವತ್ತಿನ ಒಂದು ಗಂಟೆ ಕಳೆಯಲಿದೆ.

ಒಂದು ಕಾಲದಲ್ಲಿ ಪ್ಯಾನೆಲ್ಲೇ ದುಬಾರಿಯಾಗಿತ್ತು. ಬೆಳಕು ಬಿದ್ದರೆ ವಿದ್ಯುತ್ ಹುಟ್ಟುತ್ತದೆ ಎಂದು ಫ್ರಾನ್ಸಿನ ಎಡ್ಮಂಡ್ ಬೆಕೆರಲ್ ಕಂಡುಕೊಂಡದ್ದು 1839ರಲ್ಲಿ, ಆಗ ಅವನಿಗೆ 19 ವರ್ಷ. ಕೆಲಸಕ್ಕೆ ಬರುವಂಥ ಸಿಲಿಕಾನ್ ಕೋಶ (ಇಂಥವನ್ನು ಜೋಡಿಸಿದರೇ ಪ್ಯಾನೆಲ್) ಅಮೆರಿಕದ ಬೆಲ್ ಪ್ರಯೋಗಾಲಯದಿಂದ ಹೊರಬರಲು 1954 ಆಗಬೇಕಾಯಿತು. ಅದರ ದಕ್ಷತೆ ಶೇ. 6ರ ಆಸುಪಾಸು. ಮೊದಲ ದೊಡ್ಡ ಗಿರಾಕಿ ಸಿಕ್ಕಿದ್ದು ಆಕಾಶದಲ್ಲಿ. 1958ರಲ್ಲಿ ಹಾರಿದ ವ್ಯಾನ್‌ಗಾರ್ಡ್-1 ಉಪಗ್ರಹ ಇವನ್ನು ಹೊತ್ತೊಯ್ದಿತು. ಅಲ್ಲಿ ಕಂಬ ನೆಟ್ಟು ತಂತಿ ಎಳೆಯುವವರಿಲ್ಲವಾದ್ದರಿಂದ ಬೆಲೆ ಯಾರೂ ಕೇಳಲಿಲ್ಲ. ಆಮೇಲಿನದು ಇಳಿಕೆಯ ಕತೆ. ಜಗತ್ತಿನಲ್ಲಿ ಈವರೆಗೆ ತಯಾರಾದ ಪ್ಯಾನೆಲ್‌ಗಳ ಒಟ್ಟು ಪ್ರಮಾಣ ಇಮ್ಮಡಿಯಾದಾಗಲೆಲ್ಲ ಬೆಲೆ ಸುಮಾರು ಶೇ. 20 ಇಳಿಯುತ್ತ ಬಂದಿದೆ. ಇದಕ್ಕೆ ಸ್ವಾನ್ಸನ್ ನಿಯಮ ಅನ್ನುತ್ತಾರೆ. ಪ್ರಕೃತಿಯ ನಿಯಮವೇನಲ್ಲ, ಕಾರ್ಖಾನೆಗಳ ಅಭ್ಯಾಸ.

ಹೀಗಾಗಿ ಇವತ್ತು ಮನೆ ಮೇಲಿನ ಸೋಲಾರ್‌ನ ಒಟ್ಟು ಖರ್ಚಿನಲ್ಲಿ ಪ್ಯಾನೆಲ್‌ನದ್ದು ಒಂದು ಪಾಲು ಮಾತ್ರ, ಎಷ್ಟೋ ಕಡೆ ಅರ್ಧಕ್ಕಿಂತ ಕಡಿಮೆ. ಉಳಿದದ್ದು ಇನ್‌ವರ್ಟರ್ (ಪ್ಯಾನೆಲ್‌ನ ಕರೆಂಟನ್ನು ಮನೆಗೆ ಬೇಕಾದ ಕರೆಂಟಾಗಿ ಬದಲಿಸುವ ಪೆಟ್ಟಿಗೆ), ಕೂರಿಸುವ ಚೌಕಟ್ಟು, ಕೇಬಲ್, ಅರ್ತಿಂಗ್, ಮೀಟರ್, ಕೂಲಿ, ಅನುಮತಿಯ ಓಡಾಟ ಮತ್ತು ಮಾರುವವರ ಲಾಭ. "ಪ್ಯಾನೆಲ್ ಇನ್ನೂ ಅಗ್ಗವಾಗಲಿ, ಕಾಯೋಣ" ಅನ್ನುವವರಿಗೆ ನನ್ನ ಮೊದಲ ತಕರಾರು ಇದು. ಪ್ಯಾನೆಲ್ ಅರ್ಧ ಬೆಲೆಗೆ ಸಿಕ್ಕರೂ ಏಣಿ ಹತ್ತುವವರ ಕೂಲಿ ಅರ್ಧವಾಗುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ದುಡ್ಡಿನಲ್ಲಿ ಎಣಿಸಿದರೆ ಇಲ್ಲಿ ಕೂತಿರುವ ಒಬ್ಬೊಬ್ಬರಿಗೂ ಬೇರೆ ಅಂಕಿ ಬರುತ್ತದೆ, ಮುಂದಿನ ವರ್ಷ ಎಲ್ಲವೂ ಬದಲಾಗುತ್ತವೆ. ಅದಕ್ಕೇ ನನ್ನದೊಂದು ರೂಢಿ ಇದೆ. ಒಟ್ಟು ಖರ್ಚನ್ನು ನೀವು ಒಂದು ಯೂನಿಟ್ ಕರೆಂಟಿಗೆ ಕೊಡುವ ದರದಿಂದ ಭಾಗಿಸಿ. ಬರುವ ಉತ್ತರವೇ "ಈ ಸೋಲಾರ್‌ಗೆ ನಾನು ಎಷ್ಟು ಯೂನಿಟ್ ಬೆಲೆ ತೆರುತ್ತಿದ್ದೇನೆ" ಎಂಬುದು. ಸಬ್ಸಿಡಿ ಇದ್ದರೆ ಮೊದಲೇ ಕಳೆದುಬಿಡಿ, ಆದರೆ ಅದು ನಿಮ್ಮ ಕೈಗೆ ಬರುವುದು ಖಚಿತವಿದ್ದರೆ ಮಾತ್ರ.

ಭಾಗಿಸುವ ದರ ಯಾವುದು ಎಂಬಲ್ಲಿ ಎಡವಬೇಡಿ. ಬಿಲ್ಲಿನ ಒಟ್ಟು ಮೊತ್ತವನ್ನು ಯೂನಿಟ್ಟಿನಿಂದ ಭಾಗಿಸುವವರಿದ್ದಾರೆ, ಅದು ತಪ್ಪು. ಬಿಲ್ಲಿನಲ್ಲಿ ನಿಗದಿತ ಶುಲ್ಕ ಅಂತ ಒಂದಿರುತ್ತದೆ. ನೀವು ಒಂದು ಯೂನಿಟ್ಟೂ ಬಳಸದಿದ್ದರೂ ಅದು ಬರುತ್ತದೆ, ಸೋಲಾರ್ ಹಾಕಿಸಿದ ಮೇಲೂ ಬರುತ್ತದೆ. ಒಂದು ಯೂನಿಟ್ ಕಡಿಮೆ ಬಳಸಿದರೆ ಬಿಲ್ ಎಷ್ಟು ಇಳಿಯುತ್ತದೆ, ಅಷ್ಟೇ ನಿಮ್ಮ ದರ. ಹೆಚ್ಚು ಬಳಸಿದಂತೆ ದರ ಏರುವ ಸ್ಲ್ಯಾಬ್ ಪದ್ಧತಿ ಇದ್ದರೆ ಸೋಲಾರ್ ಮೊದಲು ಕತ್ತರಿಸುವುದು ಮೇಲಿನ, ದುಬಾರಿ ಸ್ಲ್ಯಾಬನ್ನು. ಬಿಲ್ ಜೋರಾಗಿ ಬರುವ ಮನೆಗೆ ಸೋಲಾರ್ ಬೇಗ ಲಾಭ ತರುವುದು ಈ ಕಾರಣಕ್ಕೆ. ಮೊದಲೇ ಮಿತವಾಗಿ ಬಳಸುವವರಿಗೆ ನಿಧಾನ. ಅನ್ಯಾಯ ಅನ್ನಿಸಬಹುದು, ಏನು ಮಾಡುವುದು, ಅಂಕಗಣಿತಕ್ಕೆ ನ್ಯಾಯ ಅನ್ಯಾಯ ತಿಳಿಯದು.

ಒಂದು ಉದಾಹರಣೆ ಇಟ್ಟುಕೊಳ್ಳೋಣ, ಇವತ್ತು ಪೂರ್ತಿ ಅದೇ ಸಾಕು. 3 ಕಿಲೋವ್ಯಾಟ್‌ನ ಸೋಲಾರ್. ಖರ್ಚು 21,000 ಯೂನಿಟ್ಟಿನ ಬೆಲೆಯಷ್ಟು ಅಂದುಕೊಳ್ಳಿ. ಬಿಸಿಲು ಚೆನ್ನಾಗಿರುವ ಕಡೆ ಒಂದು ಕಿಲೋವ್ಯಾಟ್ ವರ್ಷಕ್ಕೆ 1,200ರಿಂದ 1,500 ಯೂನಿಟ್ ಕೊಡುತ್ತದೆ. ಮೋಡ, ಚಳಿಯ ನಾಡುಗಳಲ್ಲಿ ಸಾವಿರದ ಸುತ್ತಮುತ್ತ. ನಾನು 1,350 ಹಿಡಿಯುತ್ತೇನೆ. ಮೂರು ಕಿಲೋವ್ಯಾಟ್‌ಗೆ 4,050 ಯೂನಿಟ್. 21,000ವನ್ನು 4,050ರಿಂದ ಭಾಗಿಸಿದರೆ 5 ವರ್ಷ ಚಿಲ್ಲರೆ. ಕರಪತ್ರಗಳಲ್ಲಿ ದಪ್ಪಕ್ಷರದಲ್ಲಿ ಕಾಣುವುದು ಇದೇ ಲೆಕ್ಕ. ಇದರಲ್ಲಿ ಸುಳ್ಳೇನೂ ಇಲ್ಲ, ಬಿಟ್ಟುಹೋದದ್ದು ಬೇಕಾದಷ್ಟಿದೆ.

ಮೊದಲನೆಯದು, 4,050 ಯೂನಿಟ್ ನಿಜವಾಗಿ ಬರುತ್ತದೆಯೇ? ಪ್ಯಾನೆಲ್ ಹಿಂದೆ ಅಂಟಿಸಿದ ಚೀಟಿಯಲ್ಲಿ 400 ವ್ಯಾಟ್ ಎಂದಿದ್ದರೆ, ಅದು ಚದರ ಮೀಟರಿಗೆ 1,000 ವ್ಯಾಟ್ ಬೆಳಕು, ಕೋಶದ ಉಷ್ಣತೆ 25 ಡಿಗ್ರಿ ಇರುವಾಗ ಅಳೆದದ್ದು. ಪ್ರಯೋಗಾಲಯದ ಸುಖ ಅದು. ಸುಡುಬಿಸಿಲಿನ ಚಾವಣಿಯ ಮೇಲೆ ಕೋಶ 60 ಡಿಗ್ರಿ ದಾಟುವುದು ಮಾಮೂಲು. 25ರ ಮೇಲೆ ಒಂದೊಂದು ಡಿಗ್ರಿಗೂ ಸಿಲಿಕಾನ್ ಪ್ಯಾನೆಲ್ ಸುಮಾರು ಶೇ. 0.35ರಂತೆ ಸೋಲುತ್ತದೆ. 35 ಡಿಗ್ರಿ ಹೆಚ್ಚಾದರೆ ಶೇ. 12ರಷ್ಟು ಹೋಯಿತು. "ಬಿಸಿಲು ಹೆಚ್ಚಿದ್ದಷ್ಟೂ ಒಳ್ಳೆಯದು" ಅನ್ನುವುದು ಅರ್ಧ ಸತ್ಯ. ಪ್ಯಾನೆಲ್‌ಗೆ ಬೇಕಾದ್ದು ಬೆಳಕು, ಸೆಕೆಯಲ್ಲ. ಅದಕ್ಕೇ ಚಾವಣಿಗೂ ಪ್ಯಾನೆಲ್‌ಗೂ ನಡುವೆ ಗಾಳಿಯಾಡಲು ಜಾಗ ಬಿಡಬೇಕು. ಧೂಳು, ತಂತಿಯಲ್ಲಿ ಸೋರುವುದು, ಇನ್‌ವರ್ಟರ್ ತಿನ್ನುವುದು ಎಲ್ಲ ಸೇರಿ ಚೀಟಿಯ ಅಂಕಿಯಲ್ಲಿ ಶೇ. 75ರಿಂದ 85 ಕೈಗೆ ಸಿಗುತ್ತದೆ. ನಾನು ಹಿಡಿದ 1,350ರಲ್ಲಿ ಇದೆಲ್ಲ ಕಳೆದಾಗಿದೆ. ನಿಮಗೆ ಕೊಟ್ಟ ಅಂದಾಜಿನಲ್ಲಿ ಕಳೆದಿದ್ದಾರಾ ಎಂದು ಕೇಳಿ.

ನೆರಳಿನ ವಿಷಯ ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕಂದರೆ ನಾನೇ ಪೆಟ್ಟು ತಿಂದಿದ್ದೇನೆ. ನಮ್ಮ ಮನೆಗೆ ಹಾಕಿಸಿದ್ದು ಬೇಸಿಗೆಯಲ್ಲಿ. ಹಾಕಿದವರು ಬಂದು ನೋಡಿದಾಗ ಚಾವಣಿ ಮೇಲೆ ಬೆಳಿಗ್ಗೆಯಿಂದ ಸಂಜೆವರೆಗೆ ಒಂದು ಚೂರು ನೆರಳಿರಲಿಲ್ಲ. ಚಳಿಗಾಲ ಬಂತು. ಸೂರ್ಯ ತಗ್ಗಿನ ದಾರಿ ಹಿಡಿದ. ನೀರಿನ ಟ್ಯಾಂಕಿನ ನೆರಳು ಉದ್ದವಾಗಿ ಚಾಚಿಕೊಂಡು ಎರಡು ಪ್ಯಾನೆಲ್‌ಗಳ ಮೇಲೆ ಮಲಗಿತು. ಎರಡೇ ತಾನೇ ಅಂದುಕೊಂಡೆ. ಮೊಬೈಲಿನಲ್ಲಿ ನೋಡಿದರೆ ಮಧ್ಯಾಹ್ನದ ನಂತರದ ಉತ್ಪಾದನೆ ನಾನೆಣಿಸಿದ್ದಕ್ಕಿಂತ ಎಷ್ಟೋ ಕೆಳಗೆ. ಪ್ಯಾನೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿರುತ್ತಾರೆ, ಎಲ್ಲದರಲ್ಲೂ ಒಂದೇ ಕರೆಂಟ್ ಹರಿಯಬೇಕು. ಕೈ ಕೈ ಹಿಡಿದು ಸಾಲಾಗಿ ಹೋಗುವ ಮಕ್ಕಳ ಹಾಗೆ, ಒಬ್ಬ ಕುಂಟಿದರೆ ಸಾಲೆಲ್ಲ ಕುಂಟುತ್ತದೆ. ಇದನ್ನು ತಪ್ಪಿಸಲೆಂದೇ ಪ್ಯಾನೆಲ್ ಒಳಗೆ ಸಾಮಾನ್ಯವಾಗಿ ಮೂರು ಬೈಪಾಸ್ ಡಯೋಡ್ ಇರುತ್ತವೆ, ನೆರಳಿನ ಭಾಗವನ್ನು ಬಿಟ್ಟು ಪಕ್ಕದ ದಾರಿಯಲ್ಲಿ ಕರೆಂಟ್ ಮುಂದೆ ಹೋಗಲು. ಆದರೂ ಒಂದು ಮೂಲೆಗೆ ನೆರಳು ಬಿದ್ದರೆ ಪ್ಯಾನೆಲ್‌ನ ಮೂರನೇ ಒಂದು ಭಾಗವೇ ಆಟದಿಂದ ಹೊರಗೆ. ಕೊನೆಗೆ ಎರಡನ್ನೂ ಬಿಚ್ಚಿಸಿ ಬೇರೆ ಕಡೆ ಕೂರಿಸಿದ್ದಾಯಿತು, ಅದಕ್ಕೆ ಮತ್ತೆ ಕೂಲಿ ಬೇರೆ. ಹಾಕಿಸುವ ಮೊದಲು ವರ್ಷದಲ್ಲಿ ನೆರಳು ಅತಿ ಉದ್ದವಾಗುವ ದಿನ ಟ್ಯಾಂಕ್, ಮರ, ಪಕ್ಕದ ಗೋಡೆ ಎಲ್ಲಿವರೆಗೆ ಚಾಚುತ್ತವೆ ಎಂದು ಲೆಕ್ಕ ಹಾಕಿಸಿ. ಪಕ್ಕದ ಮನೆಯವರು ಇನ್ನೊಂದು ಮಹಡಿ ಏರಿಸುವ ಯೋಚನೆಯಲ್ಲಿದ್ದಾರಾ ಎಂದು ವಿಚಾರಿಸಿಕೊಂಡರೂ ತಪ್ಪಿಲ್ಲ.

ಸರಿ, ಈಗ ಹನ್ನೆರಡು ಗಂಟೆಯ ಪ್ರಶ್ನೆಗೆ ಬಂದೆವು.

ಬಿಸಿಲು ಏರುವಾಗ ನೀವು ಮನೆಯಲ್ಲಿಲ್ಲ. ಕತ್ತಲಾದ ಮೇಲೆ ಬಂದು ದೀಪ, ಟಿವಿ, ಎಸಿ ಹಾಕುತ್ತೀರಿ. ಹಗಲು ಹುಟ್ಟಿದ ಕರೆಂಟ್ ನಿಮ್ಮನ್ನು ಕಾಯದೆ ತಂತಿ ಹಿಡಿದು ಹೊರಗೆ ಹೋಗಿಬಿಡುತ್ತದೆ. ಹಾಗೆ ಹೋದ ಯೂನಿಟ್ಟಿಗೆ ನಿಮಗೇನು ಸಿಗುತ್ತದೆ ಎಂಬುದನ್ನು ನಿಮ್ಮಲ್ಲಿರುವ ನಿಯಮ ನಿರ್ಧರಿಸುತ್ತದೆ. ನೆಟ್ ಮೀಟರಿಂಗ್ ಇದ್ದರೆ ಒಂದು ಯೂನಿಟ್ ಕೊಟ್ಟು ಒಂದು ಯೂನಿಟ್ ವಾಪಸ್ ಪಡೆಯಬಹುದು. ಊರಿನ ವಿದ್ಯುತ್ ಜಾಲವೇ ನಿಮಗೆ ಬಿಟ್ಟಿ ಬ್ಯಾಂಕು ಇದ್ದ ಹಾಗೆ. ನೆಟ್ ಬಿಲ್ಲಿಂಗ್ ಇದ್ದರೆ ಕೊಟ್ಟದ್ದಕ್ಕೆ ಕಡಿಮೆ ದರ, ಪಡೆದದ್ದಕ್ಕೆ ಪೂರ್ತಿ ದರ. ಹುಟ್ಟಿದ್ದನ್ನೆಲ್ಲ ನಿಗದಿತ ದರಕ್ಕೆ ಮಾರುವ ಪದ್ಧತಿಯೂ ಇದೆ, ಅದರಲ್ಲಿ ನನ್ನ ಹನ್ನೆರಡು ಗಂಟೆಯ ಪ್ರಶ್ನೆಗೆ ಬೆಲೆಯಿಲ್ಲ. 2000ದಲ್ಲಿ ಜರ್ಮನಿ ಇಂಥದ್ದೊಂದು ಕಾನೂನು ಮಾಡಿ 20 ವರ್ಷಕ್ಕೆ ದರ ಖಾತರಿ ಕೊಟ್ಟಿತು. ಜನ ಚಾವಣಿಗಳನ್ನು ತುಂಬಿಸಿದರು, ಕಾರ್ಖಾನೆಗಳು ಬೆಳೆದವು, ಬೆಲೆ ಇಳಿಯಿತು. ಇವತ್ತು ನಮಗೆಲ್ಲ ಅಗ್ಗದ ಪ್ಯಾನೆಲ್ ಸಿಗುವುದರ ಹಿಂದೆ ಅಲ್ಲಿನ ಗ್ರಾಹಕರು ತೆತ್ತ ಬಿಲ್ಲುಗಳೂ ಇವೆ. ಇನ್ನೊಂದು ಕಡೆ, 2023ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾ ಹೊಸದಾಗಿ ಸೋಲಾರ್ ಹಾಕಿಸುವವರಿಗೆ ಹೊರಗೆ ಕಳಿಸುವ ಯೂನಿಟ್ಟಿನ ಬೆಲೆಯನ್ನು ಸರಾಸರಿ ಸುಮಾರು ಮುಕ್ಕಾಲು ಪಾಲು ಇಳಿಸಿತು. ಅದೇ ಪ್ಯಾನೆಲ್, ಅದೇ ಬಿಸಿಲು, ಬದಲಾದದ್ದು ಒಂದು ಕಾಗದ.

ಆ ಕಾಗದ ನಮ್ಮ ಉದಾಹರಣೆಗೆ ಏನು ಮಾಡುತ್ತದೆ ನೋಡಿ. ನೀವು 4,050ರಲ್ಲಿ ಶೇ. 40ನ್ನು, ಅಂದರೆ 1,620 ಯೂನಿಟ್ಟನ್ನು ಹುಟ್ಟಿದ ಕ್ಷಣದಲ್ಲೇ ಮನೆಯಲ್ಲಿ ಬಳಸುತ್ತೀರಿ. ಉಳಿದ 2,430 ಹೊರಗೆ ಹೋಗುತ್ತದೆ, ಅದಕ್ಕೆ ಮೂರನೇ ಒಂದು ಪಾಲು ಬೆಲೆ. ಅಂದರೆ ಅದರ ಸಾರ 810. ಒಟ್ಟು ವರ್ಷಕ್ಕೆ 2,430 ಯೂನಿಟ್ಟಿನ ಬೆಲೆ ಉಳಿಯಿತು. 21,000 ಮರಳಲು 8 ವರ್ಷ 8 ತಿಂಗಳು ಬೇಕು. ಹೊರಗೆ ಹೋದದ್ದಕ್ಕೆ ಏನೂ ಕೊಡುವುದಿಲ್ಲ ಅಂದರೆ 13 ವರ್ಷ. ಐದು, ಒಂಬತ್ತು, ಹದಿಮೂರು. ಚಾವಣಿ ಒಂದೇ.

ಈಗ ಒಂದು ಪೈಸೆ ಖರ್ಚಿಲ್ಲದೆ ಇದನ್ನು ಬದಲಿಸಬಹುದು. ಬಟ್ಟೆ ಒಗೆಯುವ ಯಂತ್ರ, ನೀರು ಕಾಯಿಸುವ ಗೀಸರ್, ಪಂಪು, ಇಸ್ತ್ರಿ, ಸಾಧ್ಯವಾದರೆ ಗಾಡಿಯ ಚಾರ್ಜಿಂಗ್, ಇವನ್ನೆಲ್ಲ ಹತ್ತರಿಂದ ಮೂರರ ನಡುವೆ ಓಡುವಂತೆ ಟೈಮರ್ ಇಡಿ. ಮನೆ ಬಳಕೆ ಶೇ. 70ಕ್ಕೆ ಏರಿದರೆ ವರ್ಷದ ಉಳಿತಾಯ 3,240 ಯೂನಿಟ್, ಮರಳುವ ಕಾಲ ಆರೂವರೆ ವರ್ಷ. ಎರಡು ವರ್ಷಕ್ಕೂ ಮಿಕ್ಕಿ ಉಳಿಯಿತು, ಗುಂಡಿ ಒತ್ತುವ ಹೊತ್ತು ಬದಲಾಯಿಸಿದ್ದಕ್ಕೆ. ಮಧ್ಯಾಹ್ನ ಕಾಯಿಸಿದ ನೀರು ಹೊದಿಕೆ ಚೆನ್ನಾಗಿರುವ ಟ್ಯಾಂಕಿನಲ್ಲಿ ರಾತ್ರಿಗೂ ಬಿಸಿಯಿರುತ್ತದೆ. ನನ್ನ ಪ್ರಕಾರ ಮನೆಯಲ್ಲಿರುವ ಅತಿ ಅಗ್ಗದ ಬ್ಯಾಟರಿ ಅದೇ.

ಇಲ್ಲಿ ಒಬ್ಬರು ಕೈ ಎತ್ತಿ, "ಹಾಗಾದರೆ ನಿಜವಾದ ಬ್ಯಾಟರಿಯನ್ನೇ ಹಾಕಿಸಿಬಿಡಬಾರದೇ?" ಎಂದು ಕೇಳಿದರು.

ಅದನ್ನೂ ಯೂನಿಟ್ಟಿನಲ್ಲೇ ನೋಡೋಣ. ಮಧ್ಯಾಹ್ನದ ಒಂದು ಯೂನಿಟ್ಟನ್ನು ಬ್ಯಾಟರಿಗೆ ತುಂಬಿದಿರಿ. ಹೊರಗೆ ಮಾರಿದ್ದರೆ ಸಿಗುತ್ತಿದ್ದ 0.33 ತಪ್ಪಿತು. ತುಂಬಿ ತೆಗೆಯುವಾಗ ಶೇ. 10ರಷ್ಟು ಸೋರಿ ರಾತ್ರಿ 0.9 ಸಿಕ್ಕಿತು. ಲಾಭ 0.57. ದಿನಕ್ಕೆ 5 ಯೂನಿಟ್ ಹೀಗೆ ಹೊತ್ತರೆ, ಮೋಡದ ದಿನ ಬಿಟ್ಟು ವರ್ಷಕ್ಕೆ 330 ದಿನ ಅಂದುಕೊಂಡರೆ, ಸುಮಾರು 940 ಯೂನಿಟ್ಟಿನ ಉಳಿತಾಯ. ಬ್ಯಾಟರಿಯ ಬೆಲೆ 8,000 ಯೂನಿಟ್ಟಿನಷ್ಟಿದ್ದರೆ ಮರಳಲು ಎಂಟೂವರೆ ವರ್ಷ. ಗ್ಯಾರಂಟಿ ಸಾಮಾನ್ಯವಾಗಿ 10 ವರ್ಷ. ಉಸಿರು ಬಿಗಿಹಿಡಿದು ದಾಟಿದಂತಾಯಿತು. ಪೂರ್ತಿ ನೆಟ್ ಮೀಟರಿಂಗ್ ಇರುವ ಕಡೆ ಲೆಕ್ಕ ಇನ್ನೂ ಸೊಗಸು: 1 ಕಳೆದುಕೊಂಡು 0.9 ಪಡೆಯುತ್ತೀರಿ, ದಿನಾ ನಷ್ಟ. ಅಲ್ಲಿ ಬ್ಯಾಟರಿ ಬೇಕಾಗುವುದು ಕರೆಂಟ್ ಹೋದಾಗ ಮಾತ್ರ, ಅದು ನೆಮ್ಮದಿಯ ಖರ್ಚು. ಹೂಡಿಕೆಯ ಲೆಕ್ಕಕ್ಕೆ ಅದನ್ನು ಎಳೆಯಬೇಡಿ.

ಕರೆಂಟ್ ಹೋಗುವ ಮಾತು ಬಂತಲ್ಲ, ಇದೊಂದು ಹೇಳಿಬಿಡುತ್ತೇನೆ. ಹಾಕಿಸಿದ ಮೇಲೆ ಹೆಚ್ಚಿನವರು ಬೇಸರಪಡುವುದು ಇಲ್ಲೇ. ಬ್ಯಾಟರಿ ಇಲ್ಲದ, ಜಾಲಕ್ಕೆ ಜೋಡಿಸಿದ ಸಾಮಾನ್ಯ ಸೋಲಾರ್ ಹೊರಗೆ ಕರೆಂಟ್ ಹೋದ ತಕ್ಷಣ ತಾನೂ ನಿಲ್ಲುತ್ತದೆ. ನೆತ್ತಿಯ ಮೇಲೆ ಬಿಸಿಲಿದ್ದರೂ ಮನೆಯಲ್ಲಿ ಫ್ಯಾನ್ ತಿರುಗುವುದಿಲ್ಲ. ಇನ್‌ವರ್ಟರ್ ಕೆಟ್ಟಿಲ್ಲ. ಕಂಬ ಹತ್ತಿ ತಂತಿ ಸರಿಮಾಡುತ್ತಿರುವ ಲೈನ್‌ಮ್ಯಾನ್‌ಗೆ ನಿಮ್ಮ ಚಾವಣಿಯಿಂದ ಶಾಕ್ ಹೊಡೆಯಬಾರದೆಂದು ಬೇಕೆಂದೇ ಹಾಗೆ ಮಾಡಿದ್ದು.

ಮುಂದಿನದು ಸಾಲ. 8 ವರ್ಷ 8 ತಿಂಗಳು ಎಂದೆನಲ್ಲ, ಅದು ಕೈಯಲ್ಲಿದ್ದ ದುಡ್ಡಿಗೆ, ಅದಕ್ಕೆ ಬಡ್ಡಿಯೇ ಇಲ್ಲ ಎಂದುಕೊಂಡು. ಶೇ. 9ರ ಬಡ್ಡಿಗೆ ಸಾಲ ತಂದರೆ ಮೊದಲ ವರ್ಷದ ಬಡ್ಡಿಯೇ 1,890 ಯೂನಿಟ್ಟಿನಷ್ಟು. ಉಳಿತಾಯ 2,430. ಅಸಲಿಗೆ ಹೋದದ್ದು 540 ಮಾತ್ರ. ಕರೆಂಟ್ ದರ ಏರದೆ ಹೀಗೇ ನಡೆದರೆ ಸಾಲ ತೀರಲು ಹದಿನೇಳೂವರೆ ವರ್ಷ. ಅಷ್ಟರೊಳಗೆ ಇನ್‌ವರ್ಟರ್ ಒಂದು ಸಲ ಬದಲಾಗಿರುತ್ತದೆ, ಅದರ ಆಯುಸ್ಸು 10ರಿಂದ 15 ವರ್ಷ.

"ದರ ಏರದೇ ಇರುತ್ತಾ ಸಾರ್?" ಎಂದು ಹಿಂದಿನ ಸಾಲಿನಿಂದ ಯಾರೋ ನಕ್ಕರು.

ಏರುತ್ತದೆ, ಒಪ್ಪಿದೆ. ಯೂನಿಟ್ಟಿನಲ್ಲಿ ಎಣಿಸುವುದರ ಸುಖ ಇಲ್ಲಿದೆ. ದರ ಏರಿದಂತೆಲ್ಲ ಸಾಲದ ಭಾರ ಯೂನಿಟ್ಟಿನ ಲೆಕ್ಕದಲ್ಲಿ ಕರಗುತ್ತ ಹೋಗುತ್ತದೆ. ದರ ವರ್ಷಕ್ಕೆ ಶೇ. 3 ಏರಿದರೆ ಶೇ. 9ರ ಬಡ್ಡಿ ನಿಮ್ಮ ಪಾಲಿಗೆ ಸುಮಾರು ಶೇ. 6ರ ಬಡ್ಡಿ. ಹದಿನೇಳೂವರೆ ಇದ್ದದ್ದು ಹನ್ನೆರಡೂವರೆ ವರ್ಷಕ್ಕೆ ಇಳಿಯಿತು. ಮಾರುವವರ ಕೈಚಳಕ ಇರುವುದೂ ಇದೇ ಜಾಗದಲ್ಲಿ. ಅಂದಾಜು ಪಟ್ಟಿಯ ಕೆಳಗೆ ಸಣ್ಣಕ್ಷರದಲ್ಲಿ "ದರ ಏರಿಕೆ ವಾರ್ಷಿಕ ಶೇ. 8" ಎಂದು ಬರೆದಿರುತ್ತಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ. ಶೇ. 8ರಂತೆ 25 ವರ್ಷ ಏರಿದರೆ ಯೂನಿಟ್ಟಿನ ಬೆಲೆ ಇವತ್ತಿನ ಏಳು ಪಟ್ಟಿಗೆ ಹತ್ತಿರವಾಗಬೇಕು. ಅದು ಆಗಲಾರದು ಎನ್ನಲು ನನ್ನಲ್ಲಿ ಜ್ಯೋತಿಷ್ಯವಿಲ್ಲ, ಆಗಿಯೇ ಆಗುತ್ತದೆ ಎಂದು ಬರೆಯುವವರಲ್ಲೂ ಇಲ್ಲ. ಆ ಜಾಗದಲ್ಲಿ ಸೊನ್ನೆ ಹಾಕಿ ಒಮ್ಮೆ, ಶೇ. 3 ಹಾಕಿ ಒಮ್ಮೆ ಲೆಕ್ಕ ಕೊಡಿ ಎಂದು ಕೇಳಿ. ಕೊಡಲು ಹಿಂಜರಿದರೆ ಬೇರೆಯವರನ್ನು ನೋಡಿ.

ಪ್ಯಾನೆಲ್ ಸವೆಯುವುದಿಲ್ಲವೇ ಎಂದು ಕೇಳಿದವರಿಗೆ: ಸವೆಯುತ್ತದೆ, ವರ್ಷಕ್ಕೆ ಸುಮಾರು ಶೇ. ಅರ್ಧದಷ್ಟು. 25 ವರ್ಷದ ಸರಾಸರಿ ತೆಗೆದರೆ ಹೊಸದರ ಶೇ. 94ರಷ್ಟು ಬರುತ್ತದೆ. ಹೆದರುವಂಥದ್ದೇನಲ್ಲ. ಅದನ್ನು ತಯಾರಿಸಲು ಖರ್ಚಾದ ವಿದ್ಯುತ್ತೇ ವಾಪಸ್ ಬರುವುದಿಲ್ಲ ಎಂಬ ಹಳೆಯ ಮಾತೊಂದು ಇನ್ನೂ ಓಡಾಡುತ್ತಿದೆ, ಅದು ಇವತ್ತಿನ ಪ್ಯಾನೆಲ್‌ಗೆ ಹೊಂದುವುದಿಲ್ಲ. ಒಂದರಿಂದ ಮೂರು ವರ್ಷದಲ್ಲಿ ಅಷ್ಟನ್ನು ಅದು ತೀರಿಸಿರುತ್ತದೆ.

ಕಾಯುವವರ ವಿಷಯ ಅರ್ಧಕ್ಕೆ ಬಿಟ್ಟಿದ್ದೆ. ಒಂದು ವರ್ಷ ಕಾದರೆ 2,430 ಯೂನಿಟ್ಟಿನ ಉಳಿತಾಯ ತಪ್ಪುತ್ತದೆ, ಅದು 21,000ದ ಶೇ. 11ಕ್ಕೂ ಹೆಚ್ಚು. ಒಟ್ಟು ಖರ್ಚು ವರ್ಷದೊಳಗೆ ಅಷ್ಟು ಇಳಿಯುವ ಸೂಚನೆ ಇದ್ದರೆ ಕಾಯಿರಿ. ತಡವಾಗಿ ಹಾಕಿದರೆ ಕೊನೆಯಲ್ಲಿ ಒಂದು ವರ್ಷ ಹೆಚ್ಚು ಸಿಗುತ್ತದಲ್ಲ ಎಂದು ಚುರುಕಿನವರು ಕೇಳಬಹುದು. ಸಿಗುತ್ತದೆ. ಇಪ್ಪತ್ತೈದು ವರ್ಷ ಆದಮೇಲೆ, ಮುದಿ ಪ್ಯಾನೆಲ್‌ನಿಂದ.

ಉಪನ್ಯಾಸ ಮುಗಿದ ಮೇಲೆ ದಂಪತಿ ಒಬ್ಬರು ತಮ್ಮ ಅಂದಾಜು ಪಟ್ಟಿ ಹಿಡಿದು ಬಂದರು. ಹೆಚ್ಚುಕಡಿಮೆ ನನ್ನ ಉದಾಹರಣೆಯದ್ದೇ ಗಾತ್ರ, ಹಗಲು ಇಬ್ಬರೂ ಕೆಲಸಕ್ಕೆ ಹೋಗುವವರು. "ಅರ್ಧದಷ್ಟನ್ನೇ ಹಾಕಿಸಿದರೆ ಬೇಗ ಮರಳುತ್ತದಲ್ಲವೇ?" ಎಂದರು ಆಕೆ. ಪಟ್ಟಿಯ ಹಿಂದೆಯೇ ಬರೆದು ನೋಡಿದೆವು. ಒಂದೂವರೆ ಕಿಲೋವ್ಯಾಟ್‌ಗೆ ಖರ್ಚು ಅರ್ಧವಾಗುವುದಿಲ್ಲ, ಮೀಟರ್, ಕೂಲಿ, ಓಡಾಟ ಅಷ್ಟೇ ಇರುತ್ತವೆ. 12,000 ಯೂನಿಟ್ ಹಿಡಿದೆವು. ಹುಟ್ಟುವುದು 2,025. ಗಾತ್ರ ಚಿಕ್ಕದಾದ್ದರಿಂದ ಹೆಚ್ಚಿನದು ಮನೆಯಲ್ಲೇ ಮುಗಿಯುತ್ತದೆ, 1,300 ಅಂದುಕೊಂಡೆವು. ಹೊರಗೆ ಹೋದ 725ಕ್ಕೆ 242. ವರ್ಷಕ್ಕೆ 1,542, ಮರಳಲು ಎಂಟು ವರ್ಷಕ್ಕೆ ಎರಡು ಮೂರು ತಿಂಗಳು ಕಡಿಮೆ. ದೊಡ್ಡದಕ್ಕಿಂತ ಹತ್ತೇ ತಿಂಗಳು ಬೇಗ.

ಆಮೇಲೆ ಇನ್ನೊಂದು ಸಾಲು ಬರೆದೆ. ಸವೆತ ಕಳೆದು 25 ವರ್ಷದಲ್ಲಿ ದೊಡ್ಡದು ಉಳಿಸುವುದು ಸುಮಾರು 57,000, ಹಾಕಿದ್ದು ಕಳೆದರೆ 36,000. ಚಿಕ್ಕದರದ್ದು ಕಳೆದು ಉಳಿಯುವುದು 24,000. ಬೇಗ ಮರಳುವುದೇ ಹೆಚ್ಚು ಗಳಿಸಿಕೊಡುವುದಲ್ಲ, ಮರಳಿದ ಮೇಲಿನ ವರ್ಷಗಳನ್ನು ಆ ಅಂಕಿ ನೋಡುವುದೇ ಇಲ್ಲ. ಸ್ವಂತ ದುಡ್ಡಾದರೆ ದೊಡ್ಡದು, ಸಾಲವಾದರೆ ಚಿಕ್ಕದು, ಇದು ನನ್ನ ಒಲವು ಎಂದೆ. ಅವರು ಪಟ್ಟಿ ಮಡಚಿ ಚೀಲಕ್ಕೆ ಹಾಕಿಕೊಂಡು ಗಂಡನ ಕಡೆ ತಿರುಗಿದರು. "ಮೊದಲು ನಾಳೆಯಿಂದ ವಾಷಿಂಗ್ ಮಷಿನ್‌ಗೆ ಟೈಮರ್ ಇಟ್ಟು ನೋಡೋಣ, ಮಧ್ಯಾಹ್ನದ ಬಳಕೆ ಎಷ್ಟಾಗುತ್ತೆ ಗೊತ್ತಾಗಲಿ."